ಪಿನ್‌ಕೋಡ್ ತಪ್ಪಿದ ಗಿರಾಕಿ

ಮಿಷಿನಪ್ಪನ ನೆಮ್ಮದಿ ಕೆಡಿಸಿದ್ದು ಪಿನ್‌ಕೋಡಿನ ಕೊನೆಯ ಒಂದೇ ಒಂದು ಅಂಕಿ. ಗಿರಾಕಿ ಬರೆದಿದ್ದ ಬೀದಿ ಊರಿನ ಉತ್ತರದ ತುದಿಯಲ್ಲಿದ್ದರೆ, ಪಿನ್‌ಕೋಡು ದಕ್ಷಿಣದ ತುದಿಯಲ್ಲಿತ್ತು.

ಅವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ರಿಪೇರಿಗೆ ಬರುವವರು ಕಡಿಮೆಯಾದ ಮೇಲೆ, ಹಳೆಯ ಯಂತ್ರಗಳನ್ನು ಬಿಚ್ಚಿ, ಉಜ್ಜಿ, ಎಣ್ಣೆ ಕುಡಿಸಿ ಆನ್‌ಲೈನಿನಲ್ಲಿ ಮಾರುವ ದಾರಿಯನ್ನು ಮಗಳು ಹುಡುಕಿಕೊಟ್ಟಿದ್ದಳು. ಕಳಿಸಿದ ಮೊದಲ ಯಂತ್ರವೇ ತಪ್ಪು ವಿಳಾಸಕ್ಕೆ ಹೋಗಿ, ಇಪ್ಪತ್ತು ದಿನ ಊರೂರು ಸುತ್ತಿ, ಕೈಚಕ್ರ ಮುರಿದುಕೊಂಡು ಯುದ್ಧದಿಂದ ಬಂದ ಸಿಪಾಯಿಯ ಹಾಗೆ ಮನೆ ಸೇರಿತ್ತು. ಇನ್ನೊಂದು ಹೀಗೆ ವಾಪಸಾದರೆ ನಿಮ್ಮ ಖಾತೆ ಮುಚ್ಚುತ್ತೇವೆ ಎಂದು ಕಂಪನಿ ತಿಳಿಸಿತ್ತು. ಇದು ಎರಡನೆಯ ಆರ್ಡರು. ಸಂಜೆ ಆರರೊಳಗೆ ಕಳಿಸದಿದ್ದರೆ ಅದೂ ತಾನಾಗಿಯೇ ರದ್ದು.

ಅವನು ಗಿರಾಕಿಗೆ ಮೂರು ಸಲ ಫೋನು ಮಾಡಿದ. ಮೂರು ಸಲವೂ ಆ ಕಡೆಯವರು ಕಟ್ ಮಾಡಿದರು. "ಪಿನ್‌ಕೋಡ್ ಸರಿಯೇ?" ಎಂದು ಮೆಸೇಜು ಹಾಕಿದ. ತಿರುಗಿ ಬಂದದ್ದು ಇನ್ನೊಂದು ಪ್ರಶ್ನೆ: "ಮೊದಲು ನಿಮ್ಮ ಅಂಗಡಿ ನಿಜವಾಗಿ ಇದೆಯೋ ಇಲ್ಲವೋ ಹೇಳಿ."

ಅವನು ಆ ಮೆಸೇಜನ್ನು ಗಟ್ಟಿಯಾಗಿ ಓದಿದ.

ಪಕ್ಕದ ಕಟಿಂಗ್ ಶಾಪಿನವನು ಕೆನ್ನೆಗೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಕತ್ತಿಯ ಸಮೇತ ಓಡಿಬಂದ. "ಅಯ್ಯೋ ಮಿಷಿನಪ್ಪಾ, ಇದು ಪಕ್ಕಾ ಮೋಸ! ಮೊದಲು ಅಂಗಡಿ ಎಲ್ಲಿದೆ ಅಂತ ಕೇಳ್ತಾರೆ, ಆಮೇಲೆ ಬಂದು ನೋಡ್ಕೊಂಡು ಹೋಗ್ತಾರೆ, ಮಾರನೇ ದಿನ ಅಂಗಡಿ ಖಾಲಿ!"

ಮಹಡಿ ಮೇಲಿದ್ದ ರಿಟೈರ್ಡ್ ರೈಲ್ವೆ ಗಾರ್ಡು ಇಳಿದು ಬಂದರು. ಮೂವತ್ತೈದು ವರ್ಷ ಹಸಿರು ಬಾವುಟ ಬೀಸಿ ಬೀಸಿ ಸಾಕಾಗಿದ್ದ ಅವರು ಈಗ ಕಂಡದ್ದಕ್ಕೆಲ್ಲ ಕೆಂಪು ತೋರಿಸುತ್ತಿದ್ದರು. "ಲೈನ್ ಕ್ಲಿಯರ್ ಆಗದೆ ಗಾಡಿ ಬಿಡಬಾರದು ಕಣಯ್ಯಾ. ಹೋಗು, ಮನೇನ ಕಣ್ಣಾರೆ ನೋಡ್ಕೊಂಡು ಬಾ."

"ನಾನು ಹೋದ್ರೆ ಅಂಗಡಿ?"

"ನಾವಿಲ್ವಾ?" ಎಂದ ಕಟಿಂಗ್ ಶಾಪಿನವನು. ಕತ್ತಿಯನ್ನು ಅವನು ಹಿಡಿದುಕೊಂಡ ರೀತಿಗೆ ಮಿಷಿನಪ್ಪನಿಗೆ ಧೈರ್ಯಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೋಗಿದ್ದಳು. ಎರಡಕ್ಕೂ ಬೀಗ ಜಡಿದು ಬಸ್ಸು ಹತ್ತಿದ.

ಗಿರಾಕಿ ಬರೆದಿದ್ದ ಹದಿನಾಲ್ಕನೇ ನಂಬರಿನ ಮನೆ ಇತ್ತು. ಅದಕ್ಕೂ ಬೀಗವಿತ್ತು. ಗೇಟಿನಾಚೆಯಿಂದ ಕತ್ತು ಚಾಚಿ, ಟಪಾಲು ಡಬ್ಬಿಯೊಳಗೆ ಒಂದು ಕಣ್ಣಿಟ್ಟು, ಅಲ್ಲೇನಾದರೂ ಹೆಸರು ಕಾಣುತ್ತದೆಯೇ ಎಂದು ನೋಡುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಯಾರ್ರೀ ಅದು?"

ಎದುರು ಮನೆಯಾಕೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಳು.

"ಏನಿಲ್ಲಮ್ಮಾ, ಈ ಮನೆಯವರು ನಿಜವಾಗ್ಲೂ ಇದಾರಾ ಅಂತ ನೋಡ್ತಿದ್ದೆ."

"ಇಲ್ಲ ಅಂದಿದ್ರೆ ಏನ್ ಮಾಡ್ತಿದ್ರಿ?"

ಅವನು ಗೇಟಿನಿಂದ ಹಿಂದೆ ಸರಿಯುವಷ್ಟರಲ್ಲಿ ಏಣಿ ಹೊತ್ತು ಹೋಗುತ್ತಿದ್ದ ಪೇಂಟರು ನಿಂತ. ಇನ್ನೊಂದು ಮನೆಯಿಂದ ಅಜ್ಜಿಯೊಬ್ಬರು ಊರುಗೋಲು ಸಮೇತ ಬಂದರು. ಪೇಂಟರು ಮೊಬೈಲು ತೆಗೆದು ಅವನ ಫೋಟೋ ಹಿಡಿದುಕೊಂಡ.

"ನಾನು ಹೊಲಿಗೆ ಮಿಷಿನ್ ರಿಪೇರಿಯೋನು! ಗಿರಾಕಿ ಅಡ್ರೆಸ್ ಸರಿಯಾಗಿದೆಯಾ ಅಂತ ನೋಡೋಕೆ ಬಂದೆ!"

"ಹಾಗಾದ್ರೆ ನಿಮ್ಮ ಅಡ್ರೆಸ್ ಹೇಳಿ," ಎಂದರು ಅಜ್ಜಿ.

ಮಿಷಿನಪ್ಪ ಗಡಗಡ ಹೇಳುತ್ತ ಹೋಗಿ ಕೊನೆಯಲ್ಲಿ ಗಕ್ಕನೆ ನಿಂತ. ಬೆಳಗಿನಿಂದ ಇನ್ನೊಬ್ಬರ ಪಿನ್‌ಕೋಡನ್ನು ಜಪ ಮಾಡಿದ ಅವನ ತಲೆಯಿಂದ ತನ್ನದು ಜಾರಿಹೋಗಿತ್ತು.

"ಸ್ವಂತ ಪಿನ್‌ಕೋಡ್ ಗೊತ್ತಿಲ್ಲ, ಇನ್ನೊಬ್ಬರದು ತಪ್ಪು ಅಂತ ಬಂದವ್ನೆ!" ಎಂದ ಪೇಂಟರು.

ಎದುರು ಮನೆಯಾಕೆ ಒಳಗೆ ಹೋಗಿ ಪೇಂಟರ ಕೈಯಲ್ಲಿ ಒಂದು ಹಳೇ ಯಂತ್ರ ಹೊರಿಸಿಕೊಂಡು ಬಂದಳು. "ಇದು ಎರಡು ವರ್ಷದಿಂದ ದಾರ ನುಂಗ್ತಿದೆ. ರಿಪೇರಿಯೋರಾದ್ರೆ ಸರಿ ಮಾಡಿ. ಇಲ್ಲಾಂದ್ರೆ ಪೊಲೀಸರಿಗೆ ಹೇಳ್ತೀನಿ."

ಜೇಬಿನಲ್ಲಿ ಸದಾ ಇರುವ ಸಣ್ಣ ಸ್ಕ್ರೂಡ್ರೈವರು ಹಿಡಿದು ಮಿಷಿನಪ್ಪ ಬೀದಿಯಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಬಾಬಿನ್ ಗೂಡಿನಿಂದ ಹಕ್ಕಿ ಗೂಡು ಕಟ್ಟುವಷ್ಟು ದಾರ ಬಂತು. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಗಡಿಯಾರದ ಮೇಲಿತ್ತು. ಮೂರಾಯಿತು, ಮೂರೂವರೆಯಾಯಿತು. ನಾಲ್ಕು ಗಂಟೆಗೆ ಯಂತ್ರ ಕಟಕಟನೆ ನೇರ ಹೊಲಿಗೆ ಹಾಕಿದಾಗ ಬೀದಿಯವರ ಮುಖವೆಲ್ಲ ಅರಳಿತು.

"ಹದಿನಾಲ್ಕರ ಟೀಚರಮ್ಮ ತುಂಬ ಒಳ್ಳೆಯೋರು," ಎಂದಳು ಆಕೆ. "ಹೊಲಿಗೆ ಕ್ಲಾಸ್ ನಡೆಸ್ತಾರೆ. ಪಿನ್‌ಕೋಡಾ? ಪೋಸ್ಟಾಫೀಸಿನೋರು ಹೋದ ತಿಂಗಳು ಕೋಡುಗಳನ್ನ ಅದಲು ಬದಲು ಮಾಡಿ ಈ ಬೀದಿಗೆ ಹೊಸದು ಕೊಟ್ಟಿದಾರೆ. ಇವತ್ತು ಎಲ್ಲೋ ಅವಸರದಲ್ಲಿ ಹೋದ್ರು."

ಮಿಷಿನಪ್ಪ ಸ್ಕ್ರೂಡ್ರೈವರು ಜೇಬಿಗಿಳಿಸಿ ಬಸ್‌ಸ್ಟಾಪಿಗೆ ಓಡಿದ. ಬಸ್ಸಿನಲ್ಲಿ ನಿಂತೇ ಬಂದರೂ ಸಿಂಹಾಸನದ ಮೇಲೆ ಕೂತು ಬಂದಂತೆ ಬಂದ. ಅಂಗಡಿ ಮುಟ್ಟಿದಾಗ ಐದೂ ನಲವತ್ತು.

ಕಟಿಂಗ್ ಶಾಪಿನವನೂ ಗಾರ್ಡೂ ಬಾಗಿಲಲ್ಲೇ ಕಾಯುತ್ತಿದ್ದರು.

"ಗಿರಾಕಿ ಅಸಲಿ!" ಎಂದು ಕೂಗಿದ ಮಿಷಿನಪ್ಪ. "ಟೀಚರಂತೆ! ಪ್ಯಾಕ್ ಮಾಡೋಣ, ಕೈ ಹಾಕಿ!"

"ಮಾಡೋಣ ಬಿಡು. ಮೊದಲು ಇದನ್ನ ಕೇಳು," ಎಂದ ಕಟಿಂಗ್ ಶಾಪಿನವನು. "ಮಧ್ಯಾಹ್ನ ಒಬ್ಬಮ್ಮ ವ್ಯಾನ್ ಮಾಡ್ಕೊಂಡು ಬಂದಿದ್ರು. ಬರೀ ಹೆಸರು ಹಿಡ್ಕೊಂಡು ಯಾರನ್ನೋ ಹುಡುಕ್ತಿದ್ರು. ಪಾಪ, ಆನ್‌ಲೈನಲ್ಲಿ ಯಾವನೋ ಮೋಸ ಮಾಡಿದಾನೆ. ಸುಳ್ಳು ವಿಳಾಸ ಕೊಟ್ಟಿದಾನೆ."

ಮಿಷಿನಪ್ಪ ಬೀಗ ತೆಗೆಯುವುದನ್ನು ಬಿಟ್ಟು ತಿರುಗಿದ. "ನೀನೇನಂದೆ?"

"ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ, ಆ ಹೆಸರಿನೋನು ಈ ಬೀದೀಲೇ ಇಲ್ಲ ಅಂದೆ. ಗಾರ್ಡ್ ಸಾಹೇಬ್ರೂ ಹೌದು ಅಂದ್ರು. ಕೂಡಲೇ ಕಂಪನಿಗೆ ದೂರು ಕೊಡಿ ಅಂತ ಬುದ್ಧಿನೂ ಹೇಳಿದ್ವಿ. ತಗೋ, ಚೀಟಿ ಇಲ್ಲೇ ಬಿಟ್ಟು ಹೋದ್ರು."

ಚೀಟಿಯಲ್ಲಿ ಮೂರು ತುಂಡಿನ ಉದ್ದನೆಯ ಹೆಸರಿತ್ತು. ಮಿಷಿನಪ್ಪನಿಗೂ ಒಂದು ಕ್ಷಣ ಗುರುತು ಸಿಗಲಿಲ್ಲ. ಆಮೇಲೆ ಚೀಟಿಯನ್ನು ಇನ್ನೊಂದು ಸಲ ಓದಿದ. ಅದು ಅಪ್ಪ ಅಮ್ಮ ಇಟ್ಟ, ಖಾತೆ ತೆರೆಯುವಾಗ ಮಗಳು ಬರೆದಿದ್ದ, ಅವನದೇ ಹೆಸರು.

ಮೊಬೈಲು ನಡುಗಿತು. ಟೀಚರಮ್ಮನ ದೂರಿನ ಮೇಲೆ ಆರ್ಡರು ರದ್ದಾಗಿತ್ತು. ಖಾತೆಗೂ ಬೀಗ ಬಿದ್ದಿತ್ತು: ಈ ಹೆಸರಿನ ವ್ಯಕ್ತಿ ಈ ವಿಳಾಸದಲ್ಲಿದ್ದಾರೆಂದು ನೆರೆಹೊರೆಯ ಇಬ್ಬರು ಇಂದೇ ಸಹಿ ಹಾಕಿ ಕಳಿಸಬೇಕು.

"ಹಾಕ್ರಪ್ಪಾ, ನಿಮ್ಮ ದಮ್ಮಯ್ಯ!"

ಕಟಿಂಗ್ ಶಾಪಿನವನು ಪೆನ್ನು ತೆಗೆದ. ಗಾರ್ಡು ಅವನ ಕೈ ಹಿಡಿದರು. "ತಡಿ. ಮಿಷಿನಪ್ಪಾ, ಬೇಜಾರು ಮಾಡ್ಕೋಬೇಡ. ಈ ಹೆಸರಿಂದ ನಿನ್ನನ್ನ ಯಾರಾದ್ರೂ ಕರೆದಿದ್ದು ನಾವು ಇದುವರೆಗೆ ಕೇಳಿಲ್ಲವಲ್ಲ?"

"ಮನೇಲಾದ್ರೂ ಕರೀತಾರಾ?" ಎಂದ ಕಟಿಂಗ್ ಶಾಪಿನವನು.

ಆಗಲೇ ಕೆಲಸ ಮುಗಿಸಿ ಬಂದ ಹೆಂಡತಿ ಅವರ ಹಿಂದಿನಿಂದ ಇಣುಕಿದಳು.

"ರೀ, ಏನ್ರೀ ಇದು ಗಲಾಟೆ?"

ಕಟಿಂಗ್ ಶಾಪಿನವನು ಗಾರ್ಡರ ಮುಖ ನೋಡಿ, ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದ.