ಅಂಗಡಿ ಟಿವಿಯಲ್ಲಿ ಒಂದು ವಾರ ಮಾವೊರಿ

ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಬಾಗಿಲು ತೆರೆದರೆ ಸಾಕು, ಅದೇ ಕಾರ್ ಪಾರ್ಕ್ ಮಾಡಿ ಒಳಗೆ ಬರುತ್ತದೆ.

ಕಲ್ವರ್ ಸಿಟಿಯ ನನ್ನ ದಿನಸಿ ಅಂಗಡಿಯ ಗೋಡೆಗೆ ಒಂದು ಟಿವಿ ಇದೆ. ಅದರ ಮುಂದೆ ಕ್ರಿಕೆಟ್ ಬೇಕೆನ್ನುವವರಿಗೂ ನ್ಯೂಸ್ ಬೇಕೆನ್ನುವವರಿಗೂ ಜಟಾಪಟಿಯಾಗಿ ಒಂದು ದಿನ ಉಪ್ಪಿನಕಾಯಿ ಬಾಟಲಿಗಳ ಸಾಲೇ ಉರುಳಿತು. ನನ್ನಾಕೆ ಹೇಳಿಬಿಟ್ಟಳು: "ರೀ, ಇನ್ನೊಂದೇ ಒಂದು ಜಗಳ ಆಗ್ಲಿ, ಈ ಟಿವಿ ಇಳಿಸೋದೇ."

ನಾನು ಇಳಿಸುವ ಪೈಕಿಯಲ್ಲ. ಗಿರಾಕಿ ಕೂಗಾಡಿದ ಅಂತ ಗೋಡೆ ಬಿಟ್ಟುಕೊಟ್ಟರೆ ನಾಳೆ ಗಲ್ಲಾನೂ ಬಿಟ್ಟುಕೊಡಬೇಕಾಗುತ್ತದೆ. ಹತ್ತಿರದ ಸ್ಟುಡಿಯೋದಲ್ಲಿ ಸೆಟ್ ಕಟ್ಟುವ ಮಾವೊರಿ ಬಡಗಿಯೊಬ್ಬ ನನ್ನಲ್ಲಿ ಗೆಣಸು ಕೊಳ್ಳುತ್ತಾನೆ. ನ್ಯೂಜಿಲೆಂಡಿನಲ್ಲಿ ತನ್ನ ಜನರ ಭಾಷೆಯದೇ ಚಾನಲ್ ಇದೆ, ಇಂಟರ್ನೆಟ್ಟಿನಲ್ಲೂ ಸಿಗುತ್ತದೆ ಎಂದಿದ್ದ. ಅದನ್ನೇ ಹಾಕಿದೆ. ಅರ್ಥವೇ ಆಗದ್ದರ ಮೇಲೆ ಯಾರು ಜಗಳವಾಡುತ್ತಾರೆ?

ಸೋಮವಾರ: ಹವಾಮಾನ

ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಬರುವ ಬೆಂಗಳೂರಿನ ಟೆಲಿಕಾಂ ಇಂಜಿನಿಯರ್ ಒಬ್ಬರು ಬದನೆಕಾಯಿ ಹಿಚುಕುತ್ತಾ ಕೇಳಿದರು: "ಅಂಕಲ್, ಇದೇನು ಶಿಕ್ಷೆ?"

"ಶಿಕ್ಷೆ ಅಲ್ಲ. ಅಲ್ಲಿ ಆಗಲೇ ಮಂಗಳವಾರ. ನಿಮಗೆ ಇನ್ನೂ ಬರದೇ ಇರೋ ದಿನ ಇಲ್ಲಿ ಫ್ರೀಯಾಗಿ ತೋರಿಸ್ತಿದೀನಿ."

"ಹೌದಾ? ಹೇಗಿದೆಯಂತೆ ಮಂಗಳವಾರ?"

"ಚೆನ್ನಾಗಿದೆಯಂತೆ. ಜನ ಬದನೆಕಾಯಿ ಹಿಚುಕದೇ ತಗೊಂಡು ಹೋಗ್ತಿದಾರಂತೆ."

ಬುಧವಾರ: ಕುಣಿತದ ಸ್ಪರ್ಧೆ

ಕನ್ನಡ ಕೂಟದ ಅಧ್ಯಕ್ಷರು ಹಬ್ಬದೂಟದ ಅಕ್ಕಿಗೆ ಚೌಕಾಸಿ ಮಾಡಲು ಬಂದರು. ಚೌಕಾಸಿಯಲ್ಲಿ ಅವರನ್ನು ಗೆದ್ದವರಿಲ್ಲ. ಅದೇ ಹೊತ್ತಿಗೆ ಟಿವಿಯಲ್ಲಿ ಸಾಲಾಗಿ ನಿಂತ ಗಂಡಸರು ಕಣ್ಣರಳಿಸಿ, ನಾಲಿಗೆ ಚಾಚಿ, ಎದೆ ತಟ್ಟಿಕೊಂಡು ಹಾಕಾ ಕುಣಿತ ಶುರುಮಾಡಿದರು. ನೆಲವೇ ನಡುಗುವ ಹಾಗೆ! ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು.

"ಏನಂತಾರ್ರೀ ಅವರು?"

"ಹೋದ ವಾರದ ರೇಟೇ ಫೈನಲ್ ಅಂತ."

ಗುರುವಾರ: ಮಕ್ಕಳ ಕಾರ್ಯಕ್ರಮ

ಎಲ್ ಸೆಗುಂಡೋದಲ್ಲಿ ಕೆಲಸ ಮಾಡುವ ತಾಯಿಯೊಬ್ಬಳ ಪುಟ್ಟ ಮಗಳಿಗೆ ಕನ್ನಡ ಅರ್ಥವಾಗುತ್ತದೆ; ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್.

"ಅಂಕಲ್, ಇಂಗ್ಲಿಷ್ ಕಾರ್ಟೂನ್ ಹಾಕಿ. ಎರಡು ಭಾಷೆಗೇ ಕನ್‌ಫ್ಯೂಸ್ ಆಗ್ತಾಳೆ."

"ಹಾಕಲ್ಲಮ್ಮ. ಆ ಮಕ್ಕಳು ಮನೆ ಮಾತು ಎಷ್ಟು ಜೋರಾಗಿ ಆಡ್ತಿವೆ ನೋಡು."

ಮಗು ಅಕ್ಕಿ ಮೂಟೆ ಏರಿ ಕೂತು ಕಣ್ಣು ಮಿಟುಕಿಸದೆ ನೋಡಿತು. ಸಾಮಾನೆಲ್ಲ ಕೊಂಡು ತಾಯಿ ಕರೆದಳು: "ಬಾ ಚಿನ್ನಾ, ಮನೆಗೆ ಹೋಗೋಣ."

"ಬರಲ್ಲ ಹೋಗು!"

ಅಚ್ಚ ಕನ್ನಡ. ತಾಯಿಗೆ ಅಪ್ಪಿಕೊಳ್ಳಬೇಕೋ ಎರಡು ಬಿಗಿಯಬೇಕೋ ತಿಳಿಯಲಿಲ್ಲ.

ಶನಿವಾರ: ಇಬ್ಬರು ಮುದುಕರು

ಈ ಚಾನಲ್ಲನ್ನು ಬೈಯುವುದಕ್ಕೆಂದೇ ಸ್ಯಾನ್ ಡಿಯಾಗೋದವರು ಮತ್ತೆ ಬಂದಿದ್ದರು. ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಇನ್ನೊಬ್ಬ ಇಂಜಿನಿಯರ್. ಪರದೆಯ ಮೇಲೆ ಒಬ್ಬ ಗಡ್ಡದ ಮುದುಕ, ಒಬ್ಬ ಟೋಪಿಯ ಮುದುಕ ವಾದಕ್ಕೆ ಬಿದ್ದಿದ್ದರು.

"ಗಡ್ಡದಾಂವ ಖರೇ ಹೇಳಾಕತ್ತಾನ ನೋಡ್ರಿ," ಎಂದರು ಹುಬ್ಬಳ್ಳಿಯವರು.

"ಅದ್ಹೇಗೆ ಸಾರ್? ಟೋಪಿಯವರು ಎಷ್ಟು ಸಮಾಧಾನವಾಗಿ ಮಾತಾಡ್ತಿದಾರೆ!"

"ಸಮಾಧಾನದಿಂದ ಮಾತಾಡೋರನ್ನ ಮೊದಲ ನಂಬಬಾರದ್ರಿ."

"ನಿಮ್ಮ ಕಡೆ ಕೂಗಿದವನೇ ಸರಿ, ಅಲ್ವಾ?"

ಕಡೆಗಳು ಬಂದ ಮೇಲೆ ಕೇಳಬೇಕೆ? ದನಿ ಬೀದಿಗೆ ಮುಟ್ಟಿತು. ನನ್ನಾಕೆ ಸ್ಟೂಲು, ಸ್ಕ್ರೂಡ್ರೈವರ್ ತಂದಿಟ್ಟಳು. "ಜಗಳ ಆಯ್ತಲ್ಲ, ಇಳಿಸಿ."

ಅಷ್ಟರಲ್ಲಿ ಗೆಣಸಿಗೆ ಬಡಗಿ ಬಂದ. ಟಿವಿಯ ಮುದುಕರದ್ದು ಏನು ವಾದವೆಂದು ಕೇಳಿದೆ. ಅವನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಒಣಗಲು ಹಾಕಿದ್ದ ಮೀನು ತಿಂದದ್ದು ಯಾರ ಮನೆಯ ನಾಯಿ ಅಂತ ಅವರ ಜಗಳವಂತೆ!

ಅಂಗಡಿ ತಣ್ಣಗಾಯಿತು. ಬಚಾವಾದೆ ಅಂದುಕೊಂಡೆ.

"ಆದ್ರೂ ಗಡ್ಡದಾಂವಂದ ಖರೇ," ಎಂದರು ಹುಬ್ಬಳ್ಳಿಯವರು. "ಆ ಟೋಪಿಯವನ ಮಾರಿ ನೋಡ್ರಿ, ನಾಯಿ ಕಟ್ಟಿಹಾಕೋ ಮನಶ್ಯಾ ಏನ್ರಿ ಅಂವ?"

ಮತ್ತೆ ಶುರು. ಇನ್ನು ನನ್ನಾಕೆಯ ಮಾತು ಮೀರುವಂತಿರಲಿಲ್ಲ, ಸ್ಟೂಲು ಹತ್ತಿದೆ. ತಕ್ಷಣ ಇಬ್ಬರೂ ಒಂದೇ ದನಿಯಲ್ಲಿ ಕೂಗಿದರು: "ಅಂಕಲ್, ಅಡ್ಡ ನಿಲ್ಲಬೇಡಿ!"

ನಾನು ಕೆಳಗೆ ನೋಡಿದೆ. ಸ್ಟೂಲು ಹಿಡಿದಿದ್ದ ನನ್ನಾಕೆಯೂ ಕತ್ತು ಉದ್ದ ಮಾಡಿ ಇಣುಕುತ್ತಿದ್ದಳು.

"ಸ್ವಲ್ಪ ಬಗ್ಗಿ ರೀ. ಅದು ಟೋಪಿಯವನ ನಾಯೀನೇ, ಸಂಶಯವೇ ಇಲ್ಲ."

ಹೇಗೂ ಹತ್ತಿದ್ದೆ. ಟಿವಿಯ ಸ್ಕ್ರೂಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿ ಮಾಡಿ ಇಳಿದೆ.