ಇಟಲಿಯ ಬೆಟ್ಟದೂರಿನಲ್ಲಿ ನಮ್ಮ ದೊಡ್ಡ ಗಾಡಿ

ಕುವೈತಿನಲ್ಲಿರುವವರು ರಜೆಗೆ ಹೊರಟರೆ ಕುವೈತೂ ಜೊತೆಗೇ ಹೊರಡುತ್ತದೆ. ಅದಕ್ಕೆ ಟಿಕೆಟ್ ಬೇಡ, ವೀಸಾ ಬೇಡ. ಹಾಗಾಗಿ ಹೋದಲ್ಲೆಲ್ಲ ನಮಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕಳೆದ ಬೇಸಿಗೆಯಲ್ಲಿ ಇಟಲಿಯಲ್ಲಿ ಆದದ್ದು ಇಷ್ಟು.

ರಜೆ

ಶುವೈಖಿನ ನಮ್ಮ ಟೈಲ್ಸ್ ಕಂಪನಿಯ ಮ್ಯಾನೇಜರ್ ರಜೆ ಕೊಡುವಾಗ ನಗುತ್ತಾರೆ. ಹೆದರಿಕೆ ಆಗುವುದು ಅದಕ್ಕೇ.

"ಇಟಲಿಯಾ? ವೆರಿ ಗುಡ್. ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೀಟಿನಲ್ಲಿರಬೇಕು. ಇಲ್ಲದಿದ್ದರೆ ಖಲಾಸ್."

ಕುವೈತಿನಲ್ಲಿ ಕೆಲಸದ ವಾರ ಶುರುವಾಗುವುದೇ ಭಾನುವಾರ. ಆ ವಾರವೇ ನನ್ನ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಿಸುವುದು ಅವರ ಕೈಯಲ್ಲಿತ್ತು. ಇಕಾಮಾ ಇಲ್ಲವೆಂದರೆ ಕೆಲಸವಿಲ್ಲ, ಮೈದಾನ್ ಹವಲ್ಲಿಯ ಫ್ಲಾಟಿಲ್ಲ, ಕುವೈತೇ ಇಲ್ಲ. ಶನಿವಾರ ಸಂಜೆಯ ವಾಪಸು ವಿಮಾನ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಇದನ್ನು ಹೆಂಡತಿಗೂ ಅವಳ ಅಣ್ಣನಿಗೂ, ಅಂದರೆ ನನ್ನ ಭಾವನಿಗೂ, ಬಿಡಿಸಿ ಹೇಳಿದೆ. ಇಬ್ಬರೂ ಗಂಭೀರವಾಗಿ ಕೇಳಿಸಿಕೊಂಡರು.

"ಹಾಗಾದರೆ ಶನಿವಾರ ಬೆಳಿಗ್ಗೆ ಖಾಲಿ ಉಂಟಲ್ಲ," ಎಂದಳು ಹೆಂಡತಿ.

ಭಾವ ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ಬೆಟ್ಟದ ನೆತ್ತಿಯಲ್ಲಿ ಹಳೆಯ ಕಾಲದ ಕಲ್ಲಿನ ಊರು, ತುದಿಯಲ್ಲಿ ಇಗರ್ಜಿ. "ನೋಡಿಕೊಂಡು ಹಾಗೇ ಏರ್‌ಪೋರ್ಟಿಗೆ ಹೋಗುವುದು. ಡ್ರೈವಿಂಗ್ ನನಗೆ ಬಿಡಿ ಮಾರಾಯ್ರೆ."

ಗಾಡಿ

ಬಾಡಿಗೆ ಕಾರಿನ ಕೌಂಟರಿನಲ್ಲಿದ್ದ ಹುಡುಗಿ, ನಾವು ಹೋಗುವ ಊರಿನ ಹೆಸರು ಕೇಳಿ, ಒಂದು ಪುಟ್ಟ ಕಾರು ತೋರಿಸಿದಳು. ಭಾವ ಅದರ ಸುತ್ತ ಒಮ್ಮೆ ನಡೆದರು.

"ಇದನ್ನು ನಮ್ಮ ಗಾಡಿಯ ಡಿಕ್ಕಿಯಲ್ಲಿ ಇಡಬಹುದು. ದೊಡ್ಡದು ಕೊಡಿ."

"ಅಲ್ಲಿನ ರಸ್ತೆಗಳು ಕಿರಿದು ಸರ್."

"ಕುವೈತಿನಲ್ಲಿ ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ."

ಅದು ನಿಜ. ಕುವೈತಿನಲ್ಲಿ ಭಾವ ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ಮಾಲ್‌ನ ಪಾರ್ಕಿಂಗ್. ಅದರಲ್ಲೂ ಮೂರನೆಯ ಮಹಡಿಯವರೆಗೆ.

ಹಾರ್ನ್

ತಿರುವುಗಳನ್ನು ಹತ್ತಿ ಊರ ಬಾಗಿಲು ತಲುಪುವಾಗ ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ಎದುರಿಗೊಂದು ಕಾಫಿ ಅಂಗಡಿ ಕಂಡಿತು.

ಕುವೈತಿನಲ್ಲಿ ಚಹಾದಂಗಡಿಯ ಮುಂದೆ ಯಾರೂ ಇಳಿಯುವುದಿಲ್ಲ. ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. ಭಾವ ಹಾರ್ನ್ ಹೊಡೆದರು. ಯಾರೂ ಬರಲಿಲ್ಲ. ಇನ್ನೊಮ್ಮೆ, ಉದ್ದಕ್ಕೆ ಹೊಡೆದರು. ಕಿಟಕಿಗಳು ತೆರೆದವು. ಒಬ್ಬ ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಮೂರನೆಯ ಹಾರ್ನಿಗೆ ಅಂಗಡಿಯವನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಓಡಿ ಬಂದು, ಯಾರಿಗೆ ಏನಾಯಿತೆಂದು ಕಾರಿನೊಳಗೆ ಇಣುಕಿದ.

ಭಾವ ಗಾಜು ಇಳಿಸಿ ಮೂರು ಬೆರಳು ತೋರಿಸಿದರು. "ತ್ರೀ ಟೀ. ಒಂದಕ್ಕೆ ಶುಗರ್ ಕಡಿಮೆ."

ಕಮಾನು

ಇಗರ್ಜಿ ಇನ್ನೂ ಮೇಲಿತ್ತು. ಕಾರು ಇಲ್ಲೇ ಬಿಟ್ಟು ನಡೆಯಿರಿ ಎಂದು ಅಂಗಡಿಯವನು ಕೈಸನ್ನೆ ಮಾಡಿದ.

"ನಡೆದರೆ ವಿಮಾನ ತಪ್ಪುತ್ತದೆ," ಎಂದರು ಭಾವ. ಬಾಗಿಲ ತನಕ ಗಾಡಿ ಹೋಗದ ಜಾಗವನ್ನು ಅವರು ನೋಡಿಯೇ ಇಲ್ಲ. ಗಾಡಿ ಓಣಿಗೆ ನುಗ್ಗಿತು. ಕುದುರೆ ಸವಾರರಿಗಾಗಿ ಕಟ್ಟಿದ ಒಂದು ಕಲ್ಲಿನ ಕಮಾನಿನ ಕೆಳಗೆ, ಎರಡೂ ಕಡೆಯಿಂದ ಕರ್ರ್ ಎಂದು, ನಿಂತಿತು.

ಮುಂದೆ ಹೋಗದು, ಹಿಂದೆ ಬಾರದು. ಬಾಗಿಲು ಯಾವುದೂ ತೆರೆಯದು. ಹೆಂಡತಿ ಸೀಟು ದಾಟಿ, ಡಿಕ್ಕಿಯಿಂದ ಹೊರಗೆ ಇಳಿದಳು. "ಅಣ್ಣ, ನಿನಗೆ ಲೈಸೆನ್ಸ್ ಕೊಟ್ಟವನನ್ನು ನಾನೊಮ್ಮೆ ನೋಡಬೇಕು," ಎಂದಳು. ಆ ಅಜ್ಜಿ ಬಂದು ಅವಳ ಕೈ ಹಿಡಿದು ತಮ್ಮ ಮನೆಯೊಳಗೆ ಕರೆದುಕೊಂಡು ಹೋದರು. ನಾನೂ ಏಳಲು ನೋಡಿದೆ. "ನನ್ನನ್ನು ಒಬ್ಬನೇ ಬಿಡಬೇಡಿ ಮಾರಾಯ್ರೆ," ಎಂದು ಭಾವ ತೋಳು ಹಿಡಿದರು.

ಊರಿನ ಗಂಡಸರೆಲ್ಲ ಸೇರಿದರು. ಒಬ್ಬ ಎಡಕ್ಕೆ ಅಂದ, ಒಬ್ಬ ಬಲಕ್ಕೆ. ಭಾವ ಇಬ್ಬರ ಮಾತನ್ನೂ ಕೇಳಿದರು. ಕರ್ರ್ ಎಂಬ ಸದ್ದು ಎರಡು ಸಲ ಬಂತು. ಏರ್‌ಪೋರ್ಟಿಗೆ ಎರಡು ತಾಸಿನ ದಾರಿ. ನನಗೆ ಮ್ಯಾನೇಜರ್ ನಗುವುದು ಕಾಣಿಸುತ್ತಿತ್ತು.

ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು. ಗಂಡಸರು ಕೈಗಡಿಯಾರ ನೋಡಿದರು, ನಮಗೆ ಟೋಪಿ ಎತ್ತಿ ವಂದಿಸಿದರು, ಊಟಕ್ಕೆ ಹೋದರು.

ನಮ್ಮಿಬ್ಬರನ್ನು ಅಲ್ಲೇ ಬಿಟ್ಟು.

ಇಳಿಜಾರು

ಊಟ ಮುಗಿಸಿ ಅವರು ಆಲಿವ್ ಎಣ್ಣೆಯ ಡಬ್ಬ ಹಿಡಿದು ಬಂದರು. ಎರಡೂ ಗೋಡೆಗೆ ಸುರಿದರು, ಗಾಡಿಯ ಮೈಗೆ ಸವರಿದರು, ಮುಂದಿನಿಂದ ಒಟ್ಟಿಗೆ ತಳ್ಳಿದರು. ಗಾಡಿ ದೋಸೆ ಕಾವಲಿ ಬಿಟ್ಟ ಹಾಗೆ ಹಿಂದಕ್ಕೆ ಜಾರಿತು. ಚಪ್ಪಾಳೆ ಬಿತ್ತು.

"ಯಲ್ಲಾ, ಹೊರಡಿ!" ಎಂದು ಕೂಗಿದೆ. ಭಾವ ಊರ ಬಾಗಿಲ ತನಕ ಹಿಂದಕ್ಕೇ ಓಡಿಸಿ, ಅಲ್ಲಿ ತಿರುಗಿಸಿ, ಇಳಿಜಾರು ಹಿಡಿದರು. ತಿರುವಿನ ಮೇಲೆ ತಿರುವು. ಒಂದರಲ್ಲೂ ಬ್ರೇಕ್ ಒತ್ತಲಿಲ್ಲ. ಗಡಿಯಾರ ನೋಡಿದೆ, ಸಮಯ ಸರಿಹೋಗುವಂತಿತ್ತು. ಬೆಳಗಿನಿಂದ ಮೊದಲ ಸಲ ಬೆನ್ನು ಸೀಟಿಗೆ ಒರಗಿಸಿದೆ.

"ಈಗ ಎಷ್ಟು ಹಾಯಾಗಿ ಹೋಗುತ್ತಿದೆ ನೋಡಿ," ಎಂದರು ಭಾವ.

"ಹೌದು. ಏನೋ ಒಂದು ನೆಮ್ಮದಿ."

"ಮೆಲ್ಲ ಹೋಗು ಅಂತ ಯಾರೂ ಹೇಳುತ್ತಿಲ್ಲ, ಅದಕ್ಕೆ."

ಇಬ್ಬರೂ ಒಟ್ಟಿಗೇ ಹಿಂದಿನ ಸೀಟು ನೋಡಿದೆವು.

ಮತ್ತೆ ಅದೇ ಬೆಟ್ಟ ಹತ್ತಿದೆವು. ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ಮೇಲಕ್ಕೆ ಓಡಿದೆವು. ಹೆಂಡತಿ ಅಜ್ಜಿಯ ಅಡಿಗೆಮನೆಯಲ್ಲಿ ಕೂತು ಬೀನ್ಸ್ ಸುಲಿಯುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೂ ಗಂಡಂದಿರ ವಿಷಯ ಮಾತಾಡುತ್ತಿದ್ದರೆಂದು ಅಜ್ಜಿ ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ಹೆಂಡತಿ ಅವಸರವಿಲ್ಲದೆ ಕೈ ತೊಳೆದು ಬಂದಳು. ಏರ್‌ಪೋರ್ಟಿನ ತನಕ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿಗೆ ಸಾಲಿನ ಕೊನೆಗೆ ಹೋಗಿ ನಿಂತೆವು.

ಆಗ ಧೈರ್ಯ ಮಾಡಿ ಕೇಳಿದೆ. "ಬಿಟ್ಟು ಹೋದರು ಅಂತ ನಿನಗೆ ಹೆದರಿಕೆ ಆಗಲಿಲ್ಲವಾ?"

"ಯಾಕೆ ಹೆದರಿಕೆ?" ಎಂದಳು ಅವಳು, ತನ್ನ ಬ್ಯಾಗಿನ ಜಿಪ್ ಎಳೆಯುತ್ತ. "ಮೂರು ಪಾಸ್‌ಪೋರ್ಟೂ ನನ್ನ ಹತ್ತಿರವೇ ಉಂಟಲ್ಲ."