ಮೂರನೇ ಮಹಡಿಯ ಮಂಡಿಗಳು

ಹೊಸೂರು–ಕೃಷ್ಣಗಿರಿ ಸುತ್ತಿನ ಜನರಿಗೆ ಮಂಡಿನೋವು ಇಲ್ಲವೆಂಬುದು ಸಂಶೋಧನೆಯಿಂದ ಸಿದ್ಧಪಟ್ಟ ಸಂಗತಿ. ಸಿದ್ಧಪಡಿಸಿದವನು ನಾನೇ, ಡಾಕ್ಟರ್ ವೆಂಕಟಾಚಲ, ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗದ ಮುಖ್ಯಸ್ಥ.

ವಿಭಾಗ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದ ಪ್ರತಿಯೊಬ್ಬರ ಮಂಡಿಯನ್ನೂ ನಾನು ಶ್ರದ್ಧೆಯಿಂದ ಪರೀಕ್ಷಿಸಿದೆ. ಎಲ್ಲವೂ ಗಟ್ಟಿಮುಟ್ಟು. ಪ್ರಬಂಧ ಅಚ್ಚಾಯಿತು, ನನಗೆ ಶಾಲು ಹೊದಿಸಿದರು. ಆಮೇಲೆ ಲಿಫ್ಟ್ ರಿಪೇರಿಯವನು ಬಂದ. ಲಿಫ್ಟ್ ಓಡಿದರೆ ಬೇರೆ ಥರದ ಜನ ಮೇಲೆ ಬಂದು ಫಲಿತಾಂಶ ಕೆಡುತ್ತದೆಂದು ಡೀನ್ ಲಕ್ಷ್ಮೀಪತಿಯವರು ಅವನನ್ನು ವಾಪಸು ಕಳಿಸಿದರು. ಆಕ್ಷೇಪಣೆ ವೈಜ್ಞಾನಿಕವಾಗಿ ಕಂಡದ್ದರಿಂದ ನಾನೇ ಒಂದು ನಿಯಮವನ್ನೂ ಬರೆದುಕೊಟ್ಟೆ: "ಮೂರನೇ ಮಹಡಿ ತಲುಪದವರನ್ನು ಮಂಡಿರೋಗಿಗಳೆಂದು ಪರಿಗಣಿಸತಕ್ಕದ್ದಲ್ಲ."

ಹೀಗಿರಲು ಉದ್ದನಪಲ್ಲಿಯ ಹನುಮಕ್ಕ ಬಂದರು. ಗುಲಾಬಿ ತೋಟದಲ್ಲಿ ಹೂ ಕೀಳುವವರು. ಬಲಮಂಡಿ ಊದಿ, ಹಸುವಿನ ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರಲಾಗುತ್ತಿರಲಿಲ್ಲ; ಸೊಸೆ ಕೂತರೆ ಹಸು ಒದೆಯುತ್ತಿತ್ತಂತೆ. ಮೆಟ್ಟಿಲ ಮೊದಲ ತಿರುವಿನಲ್ಲೇ ಕುಸಿದರು. ನಾನು ಇಳಿದುಹೋಗಿ ನಿಯಮ ವಿವರಿಸಿದೆ.

"ಹತ್ತಕ್ಕಾಗಂಗಿದ್ರೆ ನಾನ್ಯಾಕ್ ಬತ್ತಿದ್ದೆ ಸಾಮಿ?" ಎಂದರು.

ಪ್ರಶ್ನೆ ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುತ್ತಿರಲಿಲ್ಲ. ನಾನು ತಿರುಗಿ ಒಂದು ಮೆಟ್ಟಿಲೇರಿದೆ. ಆಗ ನನ್ನ ಎಡಮಂಡಿ ಲಟಕ್ಕೆಂದಿತು. ಕಣ್ಣು ಕತ್ತಲಿಟ್ಟು ಹನುಮಕ್ಕನ ಪಕ್ಕದಲ್ಲೇ ಕೂತುಬಿಟ್ಟೆ. ಆಳುಗಳು ಹೊತ್ತರು, ಸುಲಭವೆಂದು ಕೆಳಕ್ಕೇ ಹೊತ್ತರು.

ಕೆಳಗೇ ನನ್ನನ್ನು ಪರೀಕ್ಷಿಸಬೇಕೆಂದು ಡೀನ್‌ರನ್ನು ಬೇಡಿಕೊಂಡೆ. ಅವರು ನಿಜಕ್ಕೂ ಮರುಗಿದರು. ಆದರೆ ನಿಯಮ ನನ್ನದೇ ಎಂದು ನೆನಪಿಸಿದರು. ಮುಖ್ಯಸ್ಥನಿಗೇ ಮಂಡಿನೋವು ಬಂದರೆ ಪ್ರಬಂಧದ ಗತಿಯೇನು ಎಂದೂ ಕೇಳಿದರು. ನನಗೆ ಅಳು ಬಂತು. ಆದರೂ ಅವರ ವಾದದಲ್ಲಿ ತಪ್ಪು ಹುಡುಕಲಾಗಲಿಲ್ಲ.

ನಿಯಮದ ಪ್ರಕಾರ ನೋವಿಲ್ಲದ ನನ್ನನ್ನು ಈಗ ನೆಲಮಹಡಿಯ ಕ್ಷೇತ್ರಾಧ್ಯಯನಕ್ಕೆ ನೇಮಿಸಲಾಗಿದೆ. ಮೆಟ್ಟಿಲ ಕೆಳಗೆ ಬೆಂಚು ಹಾಕಿಸಿದ್ದಾರೆ. ಮೇಲಕ್ಕೆ ಓಡುವ ಕಿರಿಯ ವೈದ್ಯರು ನಮಸ್ಕರಿಸುತ್ತಾರೆ. ವಾರಕ್ಕೊಮ್ಮೆ ಹನುಮಕ್ಕ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಾರೆ. ಮೊನ್ನೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ಎಕ್ಕದೆಲೆ ತಂದು, ಕೇಳದೆಯೇ ನನ್ನ ಮಂಡಿಗೆ ಕಟ್ಟಿದರು.

"ನೋವು ವಸಿ ಇಳೀತಾ ಸಾಮಿ?"

"ನೋವೇ ಇಲ್ಲವಲ್ಲಮ್ಮ," ಎಂದೆ.

"ನಂಗೂ ಇಲ್ಲ ಬುಡಿ," ಎಂದು ಹನುಮಕ್ಕ ಇನ್ನೊಂದೆಲೆಯನ್ನು ತಮ್ಮ ಮಂಡಿಗೆ ಕಟ್ಟಿಕೊಂಡರು.